ಹೆದರುವವರ ಕೈಯಲ್ಲಿ ರಿಮೋಟ್ ಇರಲಿ

ಪ್ರಶ್ನೆ: ನಮಗೆ ಮದುವೆಯಾಗಿ ಒಂದೂವರೆ ವರ್ಷ. ಕೊಪ್ಪಳದಲ್ಲಿ ನಾವಿಬ್ಬರೇ ಇದ್ದೇವೆ. ನಮ್ಮ ಮನೆಯವರಿಗೆ ದೆವ್ವದ ಸಿನಿಮಾ ಎಂದರೆ ಪ್ರಾಣ. ಶನಿವಾರ ಬಂತೆಂದರೆ ಮೊಬೈಲ್‌ನಲ್ಲಿ ಹಣ ಕಟ್ಟಿ ಒಂದು ಸಿನಿಮಾ ಬಾಡಿಗೆಗೆ ತೆಗೆದು, ಊಟವಾದ ಮೇಲೆ ದೀಪ ಆರಿಸಿ ಟಿ.ವಿ.ಗೆ ಹಾಕುತ್ತಾರೆ. ಅವರ ಪಕ್ಕ ಕೂತು ನೋಡುವುದು ನನಗೂ ಇಷ್ಟ. ಆದರೆ ಆಮೇಲೆ ಎರಡು ಮೂರು ದಿನ ರಾತ್ರಿ ಹಿತ್ತಲಿಗೆ ಹೋಗಲು ಕಾಲೇ ಬರುವುದಿಲ್ಲ. ಅಲ್ಲಿಯ ಬಲ್ಬ್ ಬೇರೆ ಕೆಟ್ಟು ತಿಂಗಳಾಗಿದೆ. ಹೇಳಿದರೆ ‘ಅದು ಬರೀ ಸಿನಿಮಾ’ ಎಂದು ನಗುತ್ತಾರೆ. ನೋಡುವುದಿಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಸಿನಿಮಾ ಎಂದು ಗೊತ್ತಿದ್ದೂ ನಾನೇಕೆ ಇಷ್ಟು ಹೆದರುತ್ತೇನೆ? ಇಬ್ಬರೂ ಖುಷಿಯಿಂದ ನೋಡುವ ದಾರಿ ಇದೆಯೇ?

ಉತ್ತರ: ತಂಗಿ, ಈ ಪ್ರಶ್ನೆಯನ್ನು ಬೇರೆ ಬೇರೆ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ಗಂಡಸರೂ ಕೇಳುತ್ತಾರೆ, ಅವರು ಮಾತ್ರ ‘ನನ್ನ ಗೆಳೆಯನೊಬ್ಬನಿಗೆ’ ಎಂದು ಆರಂಭಿಸುತ್ತಾರೆ. ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮ್ಮ ಹೆದರಿಕೆಯಲ್ಲಿ ದೋಷವೇನೂ ಇಲ್ಲ. ಸಿನಿಮಾ ಬಿಡುವ ಅಗತ್ಯವೂ ಇಲ್ಲ. ಆದರೆ ಮುಂದಿನ ಶನಿವಾರದಿಂದ ರಿಮೋಟ್ ನಿಮ್ಮ ಕೈಗೆ ಬರಬೇಕು. ಯಾವ ಸಿನಿಮಾ, ಎಷ್ಟು ಧ್ವನಿ, ಎಲ್ಲಿ ನಿಲ್ಲಿಸುವುದು ಎನ್ನುವುದನ್ನು ಇಬ್ಬರಲ್ಲಿ ಹೆಚ್ಚು ಹೆದರುವವರು ತೀರ್ಮಾನಿಸಬೇಕು. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಸೋದರಮಾವನ ವಿಡಿಯೊ ಕ್ಯಾಸೆಟ್ ಅಂಗಡಿ ಇತ್ತು. ಕಾಲೇಜು ಮುಗಿಸಿ ಸಂಜೆ ನಾನು ಅಲ್ಲಿ ಕೂರುತ್ತಿದ್ದೆ. ಕ್ಯಾಸೆಟ್ ಒಂದು ರಾತ್ರಿಯ ಬಾಡಿಗೆಗೆ. ಮನೆಯಲ್ಲಿ ಕ್ಯಾಸೆಟ್ ಹಾಕಿ ನೋಡುವ ಯಂತ್ರ, ಅಂದರೆ ವಿಸಿಪಿ, ಇಲ್ಲದವರಿಗೆ ಅದನ್ನೂ, ಬೇಕೆಂದವರಿಗೆ ಕಲರ್ ಟಿ.ವಿ.ಯನ್ನೂ ತಳ್ಳುವ ಗಾಡಿಯಲ್ಲಿ ಕಳಿಸುತ್ತಿದ್ದೆವು. ದೆವ್ವದ ಕ್ಯಾಸೆಟ್‌ಗಳು ಕೆಳಗಿನ ಸಾಲಿನಲ್ಲಿ, ಮಕ್ಕಳ ಕಣ್ಣಿಗೆ ಬೀಳದಂತೆ ಇರುತ್ತಿದ್ದವು. ಹೊಸದಾಗಿ ಮದುವೆಯಾದವರು ಬಂದರೆ ಹುಡುಗ ಬಗ್ಗಿ ಆ ಸಾಲನ್ನೇ ನೋಡುತ್ತಿದ್ದ, ಹುಡುಗಿ ಮೇಲಿನ ಸಾಲಿನ ಕೌಟುಂಬಿಕ ಚಿತ್ರಗಳನ್ನು ನೋಡುತ್ತಿದ್ದಳು. ಮರುದಿನ ಕ್ಯಾಸೆಟ್ ಹಿಂತಿರುಗಿಸಲು ಬಂದಾಗ ನಾನು ಅದನ್ನು ಹಿಂದಕ್ಕೆ ಸುತ್ತಲು ಯಂತ್ರಕ್ಕೆ ಹಾಕುತ್ತಿದ್ದೆ. ಟೇಪು ಎಲ್ಲಿ ನಿಂತಿದೆ ಎಂದು ನೋಡಿದರೆ ಆ ಮನೆಯವರು ಯಾವ ದೃಶ್ಯದವರೆಗೆ ತಡೆದುಕೊಂಡರು ಎಂಬುದು ತಿಳಿಯುತ್ತಿತ್ತು. ಅರ್ಧಕ್ಕೆ ನಿಂತ ಕ್ಯಾಸೆಟ್‌ಗಳು ಬಹಳ ಬರುತ್ತಿದ್ದವು. ಒಬ್ಬನೇ ಇರುವ ಗಟ್ಟಿ ಆಳುಗಳೂ ಅರ್ಧಕ್ಕೆ ನಿಲ್ಲಿಸಿ ತರುತ್ತಿದ್ದರು.

ಇದನ್ನು ಹೇಳುವುದಕ್ಕೆ ಕಾರಣವಿದೆ. ಭಯ ಎನ್ನುವುದು ಹೆಂಗಸರಿಗೂ ಕೀಳು ಸ್ವಭಾವದವರಿಗೂ ಸೇರಿದ್ದು ಎಂದು ನಾಟ್ಯಶಾಸ್ತ್ರದಲ್ಲಿ ಭರತನೇ ಬರೆದಿಟ್ಟಿದ್ದಾನೆ. ಅಷ್ಟು ಹಳೆಯ ಮಾತು ಇನ್ನೂ ನಮ್ಮ ಮನೆಗಳಲ್ಲಿ ಉಸಿರಾಡುತ್ತಿದೆ. ಭರತನ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೆ ಈ ಮಾತನ್ನು ಕೌಲ್ ಬಜಾರಿನ ಕ್ಯಾಸೆಟ್‌ಗಳು ಒಪ್ಪುವುದಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ: ಗೊತ್ತಿದ್ದೂ ಏಕೆ ಹೆದರುತ್ತೇವೆ? ಮಿದುಳಿನ ಒಳಭಾಗದಲ್ಲಿ ಬಾದಾಮಿ ಆಕಾರದ ಅಮಿಗ್ಡಲ ಎಂಬ ಭಾಗವಿದೆ. ಅಪಾಯದ ಸುಳಿವನ್ನು ಗುರುತಿಸುವುದು ಅದರ ಕೆಲಸಗಳಲ್ಲೊಂದು. ಕಣ್ಣು, ಕಿವಿ ತಂದ ಸುದ್ದಿಯನ್ನು ಬುದ್ಧಿ ಪೂರ್ತಿ ಅರ್ಥ ಮಾಡಿಕೊಳ್ಳುವ ಮೊದಲೇ ಅದು ದೇಹವನ್ನು ಎಬ್ಬಿಸುತ್ತದೆ. ಮೂತ್ರಪಿಂಡದ ತಲೆಯ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ, ಎದೆ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ. ಹಠಾತ್ ಸದ್ದಿಗೆ ಕಣ್ಣು ಮುಚ್ಚಿಕೊಳ್ಳುವುದಂತೂ ಸೆಕೆಂಡಿನ ಸಣ್ಣದೊಂದು ಚೂರಿನಲ್ಲಿ ಆಗಿಹೋಗುತ್ತದೆ. ‘ಇದು ಸಿನಿಮಾ’ ಎಂಬ ತಿಳಿವಳಿಕೆ ಓಡಿ ಬಂದು ತಲುಪುವಷ್ಟರಲ್ಲಿ ದೇಹ ತನ್ನ ಕೆಲಸ ಮುಗಿಸಿರುತ್ತದೆ. ನಿಮ್ಮ ಯಜಮಾನರು ಹೇಳುವ ‘ಅದು ಬರೀ ಸಿನಿಮಾ’ ಎಂಬ ಮಾತು ಬುದ್ಧಿಗೆ ಹೇಳಿದ್ದು. ನಿಮ್ಮ ಬುದ್ಧಿಗೆ ಅದು ಮೊದಲೇ ಗೊತ್ತು. ನಡುಗುತ್ತಿರುವ ದೇಹಕ್ಕೆ ಆ ಮಾತು ಕೇಳಿಸುವುದಿಲ್ಲ.

ಎರಡು ಮೂರು ದಿನ ಉಳಿಯುವುದಕ್ಕೂ ಕಾರಣವಿದೆ. ದೇಹ ಉದ್ವೇಗದಲ್ಲಿದ್ದಾಗ ಕಂಡದ್ದು ನೆನಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಹುಲಿ ಕಂಡ ಜಾಗವನ್ನು ಮರೆತವನು ಬದುಕುತ್ತಿರಲಿಲ್ಲ, ಹಾಗಾಗಿ ಮಿದುಳು ಇದನ್ನು ನಮ್ಮ ಒಳ್ಳೆಯದಕ್ಕೇ ಕಲಿತಿದೆ. ಸಿನಿಮಾದಲ್ಲಿ ಹಿಂಬಾಗಿಲ ಕತ್ತಲು ಕಂಡರೆ ನಿಮ್ಮ ಮನೆಯ ಹಿಂಬಾಗಿಲ ಕತ್ತಲಿಗೆ ಅದು ಅಂಟಿಕೊಳ್ಳುತ್ತದೆ. ಯಾರಿಗೆ ಎಷ್ಟು ಅಂಟುತ್ತದೆ ಎನ್ನುವುದು ಒಬ್ಬೊಬ್ಬರ ಮೈಗುಣ. ಖಾರ ತಡೆಯುವ ಶಕ್ತಿ ಎಲ್ಲರಿಗೂ ಒಂದೇ ಸಮ ಇರುವುದಿಲ್ಲವಲ್ಲ, ಹಾಗೆ.

ಮನೆಯಲ್ಲಿ ನೋಡಿದಾಗ ಇದು ಇನ್ನೂ ಹೆಚ್ಚು. ಥಿಯೇಟರಿನಲ್ಲಿ ಮುನ್ನೂರು ಜನರ ನಡುವೆ ಕೂತಿರುತ್ತೇವೆ. ಯಾರೋ ಸಿಳ್ಳೆ ಹಾಕುತ್ತಾರೆ, ಯಾರದೋ ಮಗು ಅಳುತ್ತದೆ, ಮಧ್ಯಂತರದಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಮುಗಿದ ಮೇಲೆ ಬೀದಿಯ ಬೆಳಕಿನಲ್ಲಿ ನಡೆದು ಮನೆ ಸೇರುವಷ್ಟರಲ್ಲಿ ದೆವ್ವ ಥಿಯೇಟರಿನಲ್ಲೇ ಉಳಿದಿರುತ್ತದೆ. ಮನೆಯಲ್ಲಿ ಆ ದಾರಿಯೇ ಇಲ್ಲ. ನೋಡಿದ ಕೋಣೆಯಲ್ಲೇ ಮಲಗಬೇಕು.

ಸವಿಯುವ ಭಯಕ್ಕೂ ಕಾಡುವ ಭಯಕ್ಕೂ ಇರುವ ಅಂತರವನ್ನು ಒಂಬತ್ತು ಶತಮಾನಗಳಿಗೂ ಹಿಂದೆ, ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಕಾಶ್ಮೀರದ ಅಭಿನವಗುಪ್ತ ಚೆನ್ನಾಗಿ ಬಿಡಿಸಿದ್ದಾನೆ. ಭಯಾನಕ ರಸಕ್ಕೆ, ಅಂದರೆ ಕಲೆಯಲ್ಲಿ ನಾವು ಸವಿಯುವ ಭಯಕ್ಕೆ, ಅವನು ಎತ್ತಿಕೊಳ್ಳುವ ಉದಾಹರಣೆ ಶಾಕುಂತಲದ ಮೊದಲ ಅಂಕದ ಜಿಂಕೆ. ದುಷ್ಯಂತನ ರಥ ಬೆನ್ನಟ್ಟಿದೆ. ಜಿಂಕೆ ಕೊರಳು ತಿರುಗಿಸಿ ತಿರುಗಿಸಿ ರಥವನ್ನು ನೋಡುತ್ತಾ, ಬಾಣದ ಭಯಕ್ಕೆ ಹಿಂಭಾಗವನ್ನು ಮುಂದಕ್ಕೆ ಮುದುಡಿಕೊಂಡು, ಬಾಯಿಂದ ಅರ್ಧ ಅಗಿದ ದರ್ಭೆ ಉದುರಿಸುತ್ತಾ ಓಡುತ್ತದೆ. ಓದುವಾಗ ನಮಗೂ ಎದೆ ಬಿಗಿಯುತ್ತದೆ. ಆದರೆ ‘ಬಾಣ ನನಗೆ ತಾಗೀತು’ ಎಂದು ನಾವು ಎದ್ದು ಓಡುವುದಿಲ್ಲ. ಆ ಭಯ ಇಂಥವರದು ಎಂಬ ಗುರುತು ಕಳೆದುಕೊಂಡಿರುವುದರಿಂದಲೇ ಸವಿಯಲು ಸಿಗುತ್ತದೆ. ‘ಇದು ನನ್ನದೇ ಭಯ’ ಎಂದಾದ ಕ್ಷಣ ರಸ ಕೆಡುತ್ತದೆ. ಹಿತ್ತಲಿಗೆ ಹೋಗಲಾಗದ ನಿಮ್ಮ ಸ್ಥಿತಿ ಅದೇ. ಹಾಗಾದರೆ ನಾವು ಮಾಡಬೇಕಾದ ಕೆಲಸ, ಪರದೆಗೂ ಮನೆಗೂ ನಡುವೆ ಸ್ವಲ್ಪ ದೂರವನ್ನು ಮತ್ತೆ ತಂದುಕೊಳ್ಳುವುದು.

ಆ ದೂರಕ್ಕೆ ಅತಿ ಸುಲಭದ ದಾರಿ ಧ್ವನಿ. ಹೆಚ್ಚಿನವರು ಹೆದರಿದಾಗ ಕಣ್ಣು ಮುಚ್ಚುತ್ತಾರೆ. ಮುಚ್ಚಬೇಕಾದದ್ದು ಕಿವಿ. ನಮ್ಮ ಭಾಗದ ದೊಡ್ಡಾಟ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ರಕ್ಕಸ ಬರುವ ಮೊದಲು ಇಬ್ಬರು ಪರದೆ ಹಿಡಿದು ನಿಲ್ಲುತ್ತಾರೆ. ಮದ್ದಳೆ ಏರುತ್ತದೆ, ಪರದೆಯ ಹಿಂದಿನಿಂದ ಅಬ್ಬರ ಕೇಳುತ್ತದೆ, ಗೆಜ್ಜೆಕಾಲು ಹಲಗೆಯ ಮೇಲೆ ಬಡಿಯುತ್ತದೆ, ಕಿರೀಟದ ತುದಿಯಷ್ಟೇ ಮೇಲೆ ಕಾಣುತ್ತದೆ. ಚಿಕ್ಕವನಿದ್ದಾಗ ನಾನು ಅಜ್ಜಿಯ ಸೆರಗಿನೊಳಗೆ ಸೇರುತ್ತಿದ್ದದ್ದು ಆ ಹೊತ್ತಿಗೆ. ಪರದೆ ಸರಿದು ರಕ್ಕಸ ಪೂರ್ತಿ ಕಂಡ ಮೇಲೆ, ಅವನು ನಮ್ಮ ಓಣಿಯವರೇ ಎಂದು ಗೊತ್ತಾಗಿ, ಸೆರಗಿನಿಂದ ಹೊರಗೆ ಬರುತ್ತಿದ್ದೆ.

ಸಿನಿಮಾದವರು ಬಳಸುವುದೂ ಇದನ್ನೇ. 1960ರ ‘ಸೈಕೋ’ ಚಿತ್ರದ ಸ್ನಾನಗೃಹದ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡ ಎಂದು ನಿರ್ದೇಶಕ ಹಿಚ್‌ಕಾಕ್ ಮೊದಲು ಯೋಚಿಸಿದ್ದರು. ಸಂಗೀತಗಾರ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳ ಚೀರುವ ಸ್ವರವನ್ನು ಜೋಡಿಸಿ ಕೇಳಿಸಿದ ಮೇಲೆ ಒಪ್ಪಿದರು. ಇಂದು ಆ ದೃಶ್ಯ ಎಂದರೆ ಜನರಿಗೆ ನೆನಪಾಗುವುದೇ ಆ ಸ್ವರ. ಮನುಷ್ಯರ ಚೀರಾಟದಲ್ಲಿ ಧ್ವನಿಯ ಏರಿಳಿತ ಸೆಕೆಂಡಿಗೆ 30ರಿಂದ 150 ಬಾರಿ ನಡೆಯುತ್ತದೆ, ಆ ಒರಟುತನವೇ ಅಮಿಗ್ಡಲವನ್ನು ತಟ್ಟುತ್ತದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮಾಮೂಲಿ ಮಾತಿನಲ್ಲಿ ಏರಿಳಿತ ಇದಕ್ಕಿಂತ ಬಹಳ ನಿಧಾನ.

ನೀವೇ ಪರೀಕ್ಷಿಸಿ. ಬಾಗಿಲು ಕಿರುಗುಟ್ಟತೊಡಗಿದಾಗ, ಸಂಗೀತ ತೆಳ್ಳಗಾದಾಗ, ಧ್ವನಿಯನ್ನು ಪೂರ್ತಿ ತೆಗೆದುಬಿಡಿ. ಒಬ್ಬ ನಟಿ ಮೇಕಪ್ ಹಾಕಿಕೊಂಡು ಓಣಿಯಂಥ ಜಾಗದಲ್ಲಿ ನಿಧಾನ ನಡೆಯುತ್ತಿರುವುದು ಕಾಣುತ್ತದೆ, ಅಷ್ಟೇ. ಕೆಳಗೆ ಅಕ್ಷರಗಳು ಬರುವ ಹಾಗೆ ಮಾಡಿಕೊಂಡರೆ ಕಥೆಯೂ ತಪ್ಪುವುದಿಲ್ಲ. ಧ್ವನಿಯನ್ನು ಅರ್ಧಕ್ಕೆ ಇಳಿಸಿ, ಪಕ್ಕದ ಕೋಣೆಯ ದೀಪ ಹಾಕಿಟ್ಟು ನೋಡಿದರೂ ಬಹಳ ವ್ಯತ್ಯಾಸವಾಗುತ್ತದೆ. ಕತ್ತಲಲ್ಲಿ ನೋಡಿದರೇ ಮಜಾ ಎಂದು ನಿಮ್ಮ ಮನೆಯವರು ಹೇಳಬಹುದು. ಅವರಿಗೆ ಹೆಡ್‌ಫೋನ್ ಕೊಡಿ.

ಇನ್ನೊಂದು ವಿಷಯಕ್ಕೆ ಹೆಚ್ಚು ಗಮನ ಬೇಕು. ಹೆದರಿಸುವ ಸಿನಿಮಾ ಬೇರೆ, ಮನಸ್ಸು ಕದಡುವ ಸಿನಿಮಾ ಬೇರೆ. ಬಾಡಿಗೆಗೆ ತೆಗೆಯುವ ಜಾಗದಲ್ಲಿ ಎರಡೂ ಒಂದೇ ಪಟ್ಟಿಯಲ್ಲಿ, ಒಂದೇ ಕಪ್ಪು ಪೋಸ್ಟರಿನಲ್ಲಿ ಇರುತ್ತವೆ. ದೆವ್ವ, ಪಾಳುಮನೆ, ಶಾಪ, ಮಾಂತ್ರಿಕ ಇದ್ದರೆ ಅದು ಮೊದಲನೆಯ ಜಾತಿ. ಕೂಗಿಸುತ್ತದೆ, ಮುಗಿಯುತ್ತದೆ, ನಾಲ್ಕು ದಿನದಲ್ಲಿ ಬಿಟ್ಟು ಹೋಗುತ್ತದೆ. ಎರಡನೆಯದರಲ್ಲಿ ದೆವ್ವವೇ ಇರುವುದಿಲ್ಲ. ಗಂಡ ಹೆಂಡತಿಗೆ ‘ನೀನು ನೋಡಿದ್ದು ನೋಡಿಯೇ ಇಲ್ಲ’ ಎಂದು ದಿನವೂ ನಂಬಿಸುತ್ತಾನೆ, ತಾಯಿಗೆ ತನ್ನ ಮಗುವೇ ತನ್ನದಲ್ಲ ಎನಿಸತೊಡಗುತ್ತದೆ, ಒಳ್ಳೆಯ ನೆರೆಯವರು ಮೆಲ್ಲಗೆ ಮನೆಯೊಳಗೆ ಕಾಲಿಡುತ್ತಾರೆ. ಅಂಥದ್ದನ್ನು ನೋಡುವಾಗ ಒಮ್ಮೆಯೂ ಬೆಚ್ಚದಿರಬಹುದು. ಮರುದಿನ ಅಕ್ಕಿ ಆರಿಸುವಾಗ ಮನಸ್ಸು ಭಾರವಾಗುತ್ತದೆ.

ಈ ಎರಡನೆಯ ಜಾತಿಯನ್ನು ಕೇಳದೆ ಹಾಕಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗರ್ಭ ಹೋಗಿ ಆರು ತಿಂಗಳಾಗಿರುವ ಮನೆಯಲ್ಲಿ ಮಗು ಸಾಯುವ ಸಿನಿಮಾ ಬೇಡ. ಚಿಕ್ಕಂದಿನಲ್ಲಿ ಹೊಡೆತ ತಿಂದವರ ಪಕ್ಕ ಕೂತು ಹಿಂಸೆಯ ಸಿನಿಮಾ ಬೇಡ. ಎಷ್ಟೋ ಹೆಂಡಂದಿರು ಇಂಥದ್ದನ್ನು ಗಂಡನಿಗೂ ಹೇಳಿರುವುದಿಲ್ಲ, ಎಷ್ಟೋ ಗಂಡಂದಿರೂ ಹೇಳಿರುವುದಿಲ್ಲ. ಹಾಗಾಗಿ ‘ಇದು ಬೇಡ’ ಎಂದು ಒಬ್ಬರು ಅಂದರೆ ಕಾರಣ ಕೇಳದೆ ಬಿಟ್ಟುಬಿಡುವ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳಿ. ಅಂಗಡಿಯಲ್ಲಿದ್ದಾಗ ಜನ ನನ್ನನ್ನು ಕೇಳುತ್ತಿದ್ದರು, ‘ಇದರಲ್ಲಿ ಏನಿದೆಯಪ್ಪಾ?’ ಎಂದು. ಈಗ ಆ ಕೆಲಸವನ್ನು ಪರದೆಯೇ ಅಲ್ಪಸ್ವಲ್ಪ ಮಾಡುತ್ತದೆ. 2021ರ ನಿಯಮಗಳ ಪ್ರಕಾರ ಆನ್‌ಲೈನ್ ವೇದಿಕೆಗಳು ಪ್ರತಿ ಚಿತ್ರಕ್ಕೂ ವಯಸ್ಸಿನ ದರ್ಜೆಯ ಜೊತೆಗೆ ಹಿಂಸೆ, ಭಯ ಮುಂತಾದವು ಇವೆಯೇ ಎಂಬುದನ್ನು ತೋರಿಸಬೇಕು. ಸೆನ್ಸಾರ್ ಮಂಡಳಿಯ ಪ್ರಮಾಣಪತ್ರದಲ್ಲೂ 2023ರ ತಿದ್ದುಪಡಿಯ ನಂತರ, ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಯು/ಎ ಎನ್ನುವುದು 7+, 13+, 16+ ಎಂದು ಮೂರಾಗಿದೆ. ಆರಂಭದಲ್ಲಿ ಮೂಲೆಯಲ್ಲಿ ಬಂದು ಹೋಗುವ ಆ ಸಣ್ಣ ಅಕ್ಷರಗಳನ್ನು ಇನ್ನು ಮುಂದೆ ಓದಿ.

ಬಾಡಿಗೆಯ ಲೆಕ್ಕವೂ ಈಗ ನಿಮ್ಮ ಪರವಾಗಿದೆ. ನಮ್ಮ ಕ್ಯಾಸೆಟ್ ಬೆಳಿಗ್ಗೆ ಹತ್ತಕ್ಕೆ ವಾಪಸ್ ಬರಬೇಕಿತ್ತು, ತಡವಾದರೆ ಇನ್ನೊಂದು ದಿನದ ಹಣ. ಹಾಗಾಗಿ ಕಣ್ಣು ಉರಿದರೂ, ಎದೆ ನಡುಗಿದರೂ ಎಷ್ಟೋ ಜನ ಮುಗಿಸಿಯೇ ಮಲಗುತ್ತಿದ್ದರು, ತಡೆಯಲಾಗದವರು ಮಾತ್ರ ಅರ್ಧಕ್ಕೆ ಬಿಡುತ್ತಿದ್ದರು. ಈಗ ಯೂಟ್ಯೂಬ್ ಇರಲಿ, ಅಮೆಜಾನ್ ಇರಲಿ, ಸಾಮಾನ್ಯವಾಗಿ ಬಾಡಿಗೆ ಕಟ್ಟಿದ ಮೇಲೆ ಆರಂಭಿಸಲು 30 ದಿನ, ಆರಂಭಿಸಿದ ಮೇಲೆ ಮುಗಿಸಲು 48 ಗಂಟೆ ಇರುತ್ತದೆ. ಶನಿವಾರ ರಾತ್ರಿ ಒಂದು ಗಂಟೆ ನೋಡಿ, ಉಳಿದದ್ದನ್ನು ಭಾನುವಾರ ಮಧ್ಯಾಹ್ನ ಕಿಟಕಿ ತೆರೆದಿಟ್ಟು ನೋಡಬಹುದು. ಅರ್ಧಕ್ಕೆ ಬಿಟ್ಟು ಮಲಗಿದರೆ ಹೆದರಿಕೆ ಹೆಚ್ಚಲ್ಲವೇ ಎಂದು ಕೇಳಬಹುದು. ಕೆಲವರಿಗೆ ಹೌದು. ಅಂಥವರು ಮಧ್ಯಾಹ್ನವೇ ಆರಂಭಿಸಿ ಬೆಳಕಿರುವಾಗಲೇ ಮುಗಿಸುವುದು ಒಳ್ಳೆಯದು. ಕೊನೆ ಏನಾಗುತ್ತದೆ ಎಂದು ಮೊದಲೇ ಓದಿಕೊಂಡು ಕೂರುವುದರಲ್ಲೂ ತಪ್ಪಿಲ್ಲ. ರಾಮಾಯಣದ ಕೊನೆ ಗೊತ್ತಿದ್ದೇ ನಾವು ಇಡೀ ರಾತ್ರಿ ಆಟ ನೋಡಿದವರು.

ಇನ್ನು ನಿಮ್ಮ ಮನೆಯವರ ನಗು. 1986ರಲ್ಲಿ ಅಮೆರಿಕದ ಸಂಶೋಧಕ ಡಾಲ್ಫ್ ಝಿಲ್ಮನ್ ಮತ್ತು ಸಂಗಡಿಗರು ಕಾಲೇಜು ಹುಡುಗ ಹುಡುಗಿಯರನ್ನು ಜೋಡಿಯಾಗಿ ಕೂರಿಸಿ ಭಯಾನಕ ಚಿತ್ರ ತೋರಿಸಿದರು. ಪಕ್ಕದ ಹುಡುಗಿ ಹೆದರಿದಷ್ಟೂ ಹುಡುಗರಿಗೆ ಸಿನಿಮಾ ಹೆಚ್ಚು ಹಿಡಿಸಿತು. ಪಕ್ಕದ ಹುಡುಗ ಹೆದರದೆ ಕೂತಷ್ಟೂ ಹುಡುಗಿಯರಿಗೆ ಹೆಚ್ಚು ಹಿಡಿಸಿತು. ಅಂದರೆ ಅವರು ನಗುವುದು ನಿಮ್ಮನ್ನು ಹೀಗಳೆಯಲು ಎಂದೇ ಅಲ್ಲ. ನಿಮ್ಮ ಹೆದರಿಕೆಯಲ್ಲಿ ಅವರಿಗೊಂದು ಸುಖ ಇದೆ, ಅದು ಅವರಿಗೇ ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲದ ಸುಖ ಎಲ್ಲಿಯವರೆಗೆ ಎಳೆಯುತ್ತದೆ ಎನ್ನುವುದನ್ನು ನಾನು ಕಂಡಿದ್ದೇನೆ.

ನಮ್ಮ ಮದುವೆಯಾದ ಮೊದಲ ಬೇಸಿಗೆ. ಬಳ್ಳಾರಿಯ ಸೆಕೆ, ಕಿಟಕಿಗಳೆಲ್ಲ ತೆರೆದಿದ್ದವು. ಅಂಗಡಿಯಿಂದ ತಂದ ದೆವ್ವದ ಕ್ಯಾಸೆಟ್ ಹಾಕಿದ್ದೆವು. ನಡುವೆ ಕರೆಂಟ್ ಹೋಯಿತು. ಕೂಲರಿನ ರೆಕ್ಕೆ ನಿಧಾನವಾಗಿ, ಗರ್ ಗರ್ ಎನ್ನುತ್ತಾ ನಿಂತಿತು. ಆಮೇಲೆ ಅದರ ಹುಲ್ಲಿನಿಂದ ನೀರು ತೊಟ್ಟಿಕ್ಕುವುದು ಮಾತ್ರ ಕೇಳುತ್ತಿತ್ತು. ಮೇಣದಬತ್ತಿ ತರುತ್ತೇನೆ ಎಂದು ಹೊರಗೆ ಹೋದ ನಾನು ಕಿಟಕಿಯ ಸರಳನ್ನು ಉಗುರಿನಿಂದ ಮೂರು ಸಲ ತಟ್ಟಿದೆ, ಸಿನಿಮಾದಲ್ಲಿ ಕೇಳಿದ ಹಾಗೆಯೇ. ಒಳಗೆ ಸ್ಟೀಲ್ ಲೋಟ ಬಿದ್ದ ಸದ್ದು. ಅವಳು ಕೂಗಲಿಲ್ಲ. ದೀಪ ಹಚ್ಚಿ ನೋಡಿದರೆ ಗೋಡೆಗೆ ಬೆನ್ನು ಒತ್ತಿ ಕೂತಿದ್ದಳು, ಚೆಲ್ಲಿದ ನೀರಿನಲ್ಲೇ. ಕೈ ನಡುಗಿ ಬಳೆಗಳು ಒಂದಕ್ಕೊಂದು ತಾಗುತ್ತಿದ್ದವು, ಬಹಳ ಹೊತ್ತು ಆ ಸದ್ದು ನಿಲ್ಲಲಿಲ್ಲ. ಅವಳ ತಂದೆ ತೀರಿಹೋದ ರಾತ್ರಿ ನೆರೆಯವರು ಹಾಗೆಯೇ ಕಿಟಕಿ ತಟ್ಟಿ ಸುದ್ದಿ ಹೇಳಿದ್ದರಂತೆ. ಅದನ್ನು ಅವಳು ನನಗೆ ಹೇಳಿದ್ದು ನಾಲ್ಕು ವರ್ಷಗಳ ನಂತರ. ಆ ರಾತ್ರಿ ಅವಳು ಹೇಳಿದ್ದು ಒಂದೇ: ‘ಇನ್ನು ಮೇಲೆ ಬಟನ್ ನಾನು ಒತ್ತುತ್ತೇನೆ.’

ಅಂದಿನಿಂದ ಇಂದಿನವರೆಗೆ ನಮ್ಮ ಮನೆಯಲ್ಲಿ ರಿಮೋಟ್ ಅವಳದೇ. ಅದು ಕೈಗೆ ಬಂದ ಮೇಲೆ ಅವಳು ಮೊದಲಿಗಿಂತ ಹೆಚ್ಚು ದೆವ್ವದ ಸಿನಿಮಾ ನೋಡಿದ್ದಾಳೆ. ಯಾವ ಕ್ಷಣ ಬೇಕಾದರೂ ನಿಲ್ಲಿಸಬಹುದು ಎಂದು ಗೊತ್ತಿದ್ದಾಗ ನಿಲ್ಲಿಸುವ ಅಗತ್ಯವೇ ಕಡಿಮೆಯಾಗುತ್ತದೆ. ಸೈಕಲ್‌ಗೆ ಬ್ರೇಕ್ ಸರಿಯಿದ್ದರೆ ಇಳಿಜಾರಿನಲ್ಲಿ ಧೈರ್ಯವಾಗಿ ಹೋಗುತ್ತೇವಲ್ಲವೇ?

ಸಿನಿಮಾ ಮುಗಿದ ಕೂಡಲೇ ಹಾಸಿಗೆಗೆ ಹೋಗಬೇಡಿ. ಎದೆ ಬಡಿತ ಇಳಿಯಲು ಸಮಯ ಕೊಡಿ. ದೀಪ ಹಾಕಿ, ಮಜ್ಜಿಗೆ ಕುಡಿಯಿರಿ, ಯಾವ ನಟ ಚೆನ್ನಾಗಿ ಮಾಡಿದ, ಯಾವ ದೃಶ್ಯ ಸುಳ್ಳು ಅನಿಸಿತು ಎಂದು ಮಾತಾಡಿ. ಅದನ್ನು ಹೇಗೆ ಚಿತ್ರಿಸಿರಬಹುದು ಎಂದು ಇಬ್ಬರೂ ಊಹಿಸಿ. ಆಮೇಲೆ ಇಬ್ಬರೂ ಒಟ್ಟಿಗೆ ಹಿತ್ತಲಿಗೆ ಹೋಗಿ ಬನ್ನಿ. ಕಾಲು ಬರದ ಜಾಗವನ್ನು ದಿನಗಟ್ಟಲೆ ತಪ್ಪಿಸಿದಷ್ಟೂ ಭಯ ಅಲ್ಲೇ ಬೇರು ಬಿಡುತ್ತದೆ. ಜೊತೆಯವರ ಕೈ ಹಿಡಿದು ಎರಡು ಸಲ ಹೋಗಿ ಬಂದರೆ, ಆ ಜಾಗದಲ್ಲಿ ಏನೂ ಆಗಲಿಲ್ಲ ಎಂಬ ಹೊಸ ನೆನಪು ಹಳೆಯದರ ಮೇಲೆ ಕೂರುತ್ತದೆ.

ಇಷ್ಟು ಮಾಡಿದರೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಹಗಲಿನಲ್ಲೂ ಎದೆ ಡವಗುಟ್ಟಿದರೆ, ಅದು ಸಿನಿಮಾದ ಮಾತಲ್ಲ, ವೈದ್ಯರ ಹತ್ತಿರ ಹೋಗಬೇಕು. ಸಂಕೋಚ ಬೇಡ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಮ್ಮ ಬಳ್ಳಾರಿ ಜಿಲ್ಲೆ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಮೊದಲು ಇಲ್ಲಿ ನಡೆಸಿ ತೋರಿಸಿದರು. ಫೋನಿನಲ್ಲೇ ಮಾತಾಡಬೇಕೆಂದರೆ ಸರ್ಕಾರದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಣವಿಲ್ಲ.

ಈ ಉತ್ತರವನ್ನು ನಿಮ್ಮ ಮನೆಯವರಿಗೂ ಓದಲು ಕೊಡಿ. ಅವರು ಕೆಟ್ಟವರಲ್ಲ ಎಂದು ನಿಮ್ಮ ಪತ್ರದಲ್ಲೇ ಕಾಣುತ್ತದೆ. ಪಕ್ಕದಲ್ಲಿ ನೀವಿಲ್ಲದಿದ್ದರೆ ಅವರ ಮುಖ ಸಪ್ಪಗಾಗುತ್ತದಲ್ಲ. ಅವರಿಗೆ ನನ್ನದು ಒಂದೇ ಕೋರಿಕೆ. ಈ ಶನಿವಾರ ಸಿನಿಮಾ ಹುಡುಕುವ ಮೊದಲು ಹಿತ್ತಲ ಬಲ್ಬ್ ಬದಲಿಸಿ.